ಪಾಲಿಕೆಗೆ ಕಾಳು ಹಾಕಿದ ಕೈ

ಮದರಾಸಿನ ವೆಸ್ಟ್ ಮಾಂಬಲಂನ ಫ್ಲ್ಯಾಟಿಗೆ ಬಂದ ವರ್ಷವೇ ನಾನು ಚಿತ್ರ ಬರೆಯುವುದನ್ನು ಬಿಟ್ಟೆ. ಮಕ್ಕಳ ಪುಸ್ತಕಗಳಿಗೆ ನನ್ನಿಂದ ಚಿತ್ರ ಬರೆಸುತ್ತಿದ್ದವರು, "ಈಗ ಕಂಪ್ಯೂಟರೇ ಬರೆದುಕೊಡುತ್ತೆ ಮೇಡಂ" ಎಂದಿದ್ದರು. ಆ ಸಿಟ್ಟಿಗೆ ಬಣ್ಣ, ಕುಂಚಗಳನ್ನೆಲ್ಲ ಅಟ್ಟಕ್ಕೆ ತಳ್ಳಿ ಎರಡು ವರ್ಷ ಆ ಕಡೆ ತಿರುಗಿಯೂ ನೋಡಲಿಲ್ಲ.

ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ. ತಲೆಮಾರುಗಳಿಂದ ಮದರಾಸಿನಲ್ಲೇ ಇದ್ದ ಮನೆತನ. ಅವರ ಕನ್ನಡದಲ್ಲಿ ಅರ್ಧ ತಮಿಳು. ಹೋದ ವರ್ಷ ಮೊಮ್ಮಗಳ ಮದುವೆ ಗೊತ್ತಾದಾಗ ಪಾಲಿಕೆಯ ಕಾಳು ಆರಿಸಲು ನನ್ನನ್ನು ಕರೆದರು. ಮದುವೆಯ ಹಿಂದಿನ ದಿನ ಐದು ಮಣ್ಣಿನ ಕುಡಿಕೆಗಳಲ್ಲಿ ಕಾಳು ಬಿತ್ತುವ ಶಾಸ್ತ್ರವದು.

ಹೆಸರು, ಉದ್ದು, ಭತ್ತ, ಸಾಸಿವೆ, ಎಳ್ಳು. ಅಜ್ಜಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಇದು ಹುಳ ಬಿದ್ದದ್ದು, ವೇಂಡಾಂ. ಇದು ನೋಡು ಮಾ, ಎಷ್ಟು ಅಳಗಾಗಿದೆ! ಇದು ಗ್ಯಾರಂಟಿ ಮೊಳೆಯತ್ತೆ."

"ನೀವೇ ಬಿತ್ತಿದರೆ ಒಂದೂ ಸುಳ್ಳಾಗಲ್ಲ ಅಜ್ಜಿ" ಎಂದೆ.

ಅವರು ನಕ್ಕರು. "ನಾನು ಎಲ್ಲಿ ಬಿತ್ತೋದು? ಅದಕ್ಕೆ ಸುಮಂಗಲಿಯರೇ ಆಗಬೇಕು. ನಮ್ಮವರು ಹೋಗಿ ಇಪ್ಪತ್ತು ವರ್ಷ ಆಯ್ತಲ್ಲ."

ಛತ್ರದಲ್ಲಿ ಹಾಗೆಯೇ ಆಯಿತು. ರೇಷ್ಮೆ ಸೀರೆಯ ಹೆಂಗಸರು ಕುಡಿಕೆಗಳ ಸುತ್ತ ನೆರೆದರು. ಅಜ್ಜಿ ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಹಸೆಯಿಂದ ಮದುಮಗಳು ಎದ್ದು ನಿಂತಳು.

"ಪಾಟಿ, ವಾಂಗೋ!" ಎಂದು ಅಜ್ಜಿಯನ್ನು ಕರೆದಳು.

"ನಾನ್ಯಾಕಮ್ಮಾ? ಅವರೆಲ್ಲ ಹಾಕ್ಲಿ."

ಹುಡುಗಿ ಸಭೆಯ ನಡುವೆ ನಡೆದು ಬಂದು ಅಜ್ಜಿಯ ಕೈ ಹಿಡಿದಳು. ಅಜ್ಜಿ ಹಾಕದಿದ್ದರೆ ತಾನೂ ಕೂರುವುದಿಲ್ಲವೆಂದು ತಮಿಳಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಒಬ್ಬ ಅತ್ತೆ ಮುಖ ಸಿಂಡರಿಸಿದರು. ಎಲ್ಲರ ಕಣ್ಣೂ ಪುರೋಹಿತರ ಮೇಲೆ. ಅವರು ಗಡಿಯಾರ ನೋಡಿ, "ಬನ್ನಿ ಮಾಮಿ, ಸೀಕ್ರಂ ಬನ್ನಿ, ಹೊತ್ತಾಗ್ತಿದೆ" ಎಂದುಬಿಟ್ಟರು.

ಅಜ್ಜಿ ಬಂದರು. ಹಾಲಿನಲ್ಲಿ ನೆನೆದ ಕಾಳನ್ನು ಮುಷ್ಟಿಯಲ್ಲಿ ಎತ್ತಿದರು. ಆಮೇಲೆ ಬೆರಳುಗಳು ನಿಧಾನವಾಗಿ ಬಿಡಿಸಿಕೊಂಡವು, ಕಾಳು ಮಣ್ಣಿನ ಮೇಲೆ ಪಟಪಟನೆ ಉದುರಿತು. ಯಾರೋ ಚಪ್ಪಾಳೆ ತಟ್ಟಿದರು. ನಾದಸ್ವರದವರು ಅದನ್ನೇ ಸನ್ನೆಯೆಂದು ತಿಳಿದು ಜೋರಾಗಿ ಶುರುಮಾಡಿದರು.

ನನಗೆ ತಡೆಯಲಾಗಲಿಲ್ಲ. ಮದುಮಗಳ ಅಲಂಕಾರಕ್ಕೆ ಬಂದಿದ್ದ ಹುಡುಗಿಯಿಂದ ಹುಬ್ಬು ತೀಡುವ ಪೆನ್ಸಿಲ್ ಕಸಿದುಕೊಂಡು ತಾಂಬೂಲದ ಚೀಲದ ಮೇಲೆ ಆ ಕೈಯನ್ನು ಬರೆದೆ. ಒಂದು ಚೀಲ ಸಾಲದೆ ನಾಲ್ಕು ಚೀಲ ಬರೆದೆ. ಮರುದಿನ ಧಾರೆ ಮುಗಿಸಿ ಮನೆಗೆ ಬಂದವಳೇ, ರೇಷ್ಮೆ ಸೀರೆಯಲ್ಲೇ ಸ್ಟೂಲ್ ಹತ್ತಿ ಅಟ್ಟದಿಂದ ಬಣ್ಣಗಳನ್ನು ಇಳಿಸಿದೆ. ಕೆಲವು ಗಟ್ಟಿಯಾಗಿದ್ದವು, ಹಸಿರು ಮಾತ್ರ ಚೆನ್ನಾಗಿತ್ತು.

ನಾಲ್ಕು ದಿನ ಅಡುಗೆ ನನ್ನ ಗಂಡನದು. ಚಿತ್ರ ನೋಡಲು ಬಂದ ಅಜ್ಜಿ ಕನ್ನಡಕ ಏರಿಸಿ, "ಅಯ್ಯೋ, ನನ್ನ ಬೆರಳು ಇಷ್ಟು ವಕ್ರವಾ?" ಎಂದರು. ನಾನು ಪೆಚ್ಚಾದೆ. ಅವರು ಕೈಯನ್ನು ಚಿತ್ರದ ಪಕ್ಕ ಇಟ್ಟು ನೋಡಿ, "ಸರಿಯಾಗೇ ಇದೆ. ಇನ್ನೊಂದು ಬರಿ, ಮೊಮ್ಮಗಳಿಗೆ ಕೊಡೋಣ" ಎಂದರು.

ಐದನೆಯ ದಿನ ಕುಡಿಕೆಗಳ ತುಂಬ ಬೆರಳುದ್ದದ ಪೈರು. ಅದನ್ನು ನೀರಿಗೆ ಬಿಡಬೇಕು. ಹೊಸ ಜೋಡಿಯ ಜೊತೆ ಅಜ್ಜಿ, ನಾನು ಕಾರಿನಲ್ಲಿ ತುರುಕಿಕೊಂಡು ಬೆಳಿಗ್ಗೆಯೇ ಸಮುದ್ರಕ್ಕೆ ಹೋದೆವು. ಅಜ್ಜಿ ಸೀರೆ ಎತ್ತಿ ಕಟ್ಟಿ ನೀರಿಗಿಳಿದರು. ದೊಡ್ಡದೊಂದು ಅಲೆ ಬಂದು ಪೈರನ್ನು ಒಯ್ದು, ಮದುಮಗನನ್ನು ಅಡಿಮೇಲು ಮಾಡಿತು. ಮರಳು ಮೆತ್ತಿದ ಅವನ ಮುಖ ನೋಡಿ ಅಜ್ಜಿ ನಗತೊಡಗಿದವರು ಕಾರು ಮಾಂಬಲಂ ಸೇರುವವರೆಗೂ ನಿಲ್ಲಿಸಲಿಲ್ಲ.