ಹುಬ್ಬಳ್ಳಿ ನೋಡಲು ಹೋಗಿ ಸತ್ತೂರು ಮುಟ್ಟಿದ್ದು

ಕ್ರಿಸ್‌ಮಸ್ ದಿನ ಬೆಳಿಗ್ಗೆ ನಾನೂ ಅವ್ವನೂ ಗದಗಿನ ಬಸ್ ನಿಲ್ದಾಣಕ್ಕೆ ಬಂದಾಗ ಮಂಜು ಇನ್ನೂ ಸರಿದಿರಲಿಲ್ಲ. ನಾನು ಬಿ.ಕಾಂ. ಎರಡನೇ ವರ್ಷದವಳು, ಅಂದು ಕಾಲೇಜಿಗೆ ರಜೆ. ಹುಬ್ಬಳ್ಳಿಯನ್ನು ಅಲ್ಲಿಯವರೆಗೆ ಮದುವೆ ಮುಂಜಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದ್ದೆನೇ ಹೊರತು ಅಲ್ಲಿ ಇಳಿದು ಓಡಾಡಿದವಳಲ್ಲ. ದೊಡ್ಡ ಮಾಲ್, ಉಣಕಲ್ ಕೆರೆ, ರಸ್ತೆಯ ನಡುವೆ ತನ್ನದೇ ದಾರಿಯಲ್ಲಿ ಓಡುವ ಚಿಗರಿ ಬಸ್ಸು, ಹಬ್ಬದ ದೀಪಗಳು, ಇಷ್ಟನ್ನೂ ಒಂದೇ ದಿನದಲ್ಲಿ ನೋಡಿ ಮರಳಬೇಕೆಂದು ಒಂದು ವಾರದಿಂದ ಯೋಚಿಸಿಟ್ಟಿದ್ದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಬುತ್ತಿ ಕಟ್ಟಿಕೊಂಡರೆ ಊಟದ ಖರ್ಚೂ ಇಲ್ಲ. ವಿದ್ಯಾರ್ಥಿಯ ಕೈಗೆ ಎಟುಕುವ ಪ್ರವಾಸವೆಂದರೆ ಇದೇ.

ಅವ್ವ ಜೊತೆಗೆ ಬರುತ್ತಾಳೆಂಬುದು ನನ್ನ ಯೋಚನೆಯಲ್ಲಿ ಇರಲಿಲ್ಲ. ಅಂಗನವಾಡಿ ಶಿಕ್ಷಕಿಯಾದ ಅವಳು ಮೀಟಿಂಗು, ತರಬೇತಿ ಬಿಟ್ಟರೆ ಊರು ದಾಟುವುದು ಕಡಿಮೆ. ಹಿಂದಿನ ದಿನ ನಾನು ಹೊರಡುವ ಮಾತೆತ್ತಿದಾಗ, ತಾನೂ ಬರುವುದಾಗಿ ಹೇಳಿ ಜೋಳದ ಹಿಟ್ಟು ನಾದಲು ಕುಳಿತಿದ್ದಳು. ಯಾಕೆಂದು ನಾನೂ ಕೇಳಿರಲಿಲ್ಲ.

ಬಸ್ಸು ಅಣ್ಣಿಗೇರಿ ದಾಟುವ ಹೊತ್ತಿಗೆ ಬಿಸಿಲು ಬಿತ್ತು. ಎರಡೂ ಕಡೆ ಎರೆ ಹೊಲ. ಕಡಲೆ ಹಸಿರಾಗಿ ನಿಂತಿತ್ತು, ಹತ್ತಿ ಒಡೆದಿತ್ತು. ಅಲ್ಲಿ ಅವ್ವ ಬಾಯಿ ಬಿಟ್ಟಳು. ನಾನು ಎಂಟು ತಿಂಗಳಿಗೇ ಹುಟ್ಟಿದ ಕೂಸೆಂಬುದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಉಳಿದ ಕಥೆ. ಆಸ್ಪತ್ರೆಯಲ್ಲಿ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಆಗ ಖಾಲಿ ಇರಲಿಲ್ಲವಂತೆ. ಜಯಶೀಲಾ ಎಂಬ ನರ್ಸು ನನ್ನನ್ನು ಅವ್ವನ ಎದೆಗೆ ಒತ್ತಿ, ಹಳೆಯ ಸೀರೆಯಿಂದ ಬಿಗಿಯಾಗಿ ಕಟ್ಟಿ, ಹಗಲೂ ರಾತ್ರಿ ಹಾಗೇ ಇರಿಸಿದರಂತೆ. ನಡುವೆ ಕ್ರಿಸ್‌ಮಸ್ ಬಂತು. ಅಂದೂ ಡ್ಯೂಟಿಗೆ ಬಂದಿದ್ದ ಅವರು ಮನೆಯಿಂದ ತಂದ ಕೇಕನ್ನು ಅವ್ವನ ಬಾಯಿಗೆ ಹಾಕಿ, ಕೂಸು ದೊಡ್ಡದಾದ ಮೇಲೆ ಒಂದು ಕ್ರಿಸ್‌ಮಸ್ಸಿಗೆ ಕರೆದುಕೊಂಡು ಬಾ ಎಂದಿದ್ದರಂತೆ.

ಹೋಗಬೇಕು ಅನ್ನುತ್ತಲೇ ವರ್ಷಗಳು ಕಳೆದವು. ಜಯಶೀಲಾ ಸಿಸ್ಟರ್ ನಿವೃತ್ತರಾಗಿ ಮಗನ ಜೊತೆ ಹುಬ್ಬಳ್ಳಿಯಲ್ಲಿ ಇದ್ದಾರೆ, ಕೇಶ್ವಾಪುರದ ಒಂದು ಚರ್ಚಿಗೆ ಹೋಗುತ್ತಾರೆ ಎಂದು ಆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳೊಬ್ಬಳು ಈಚೆಗೆ ಅವ್ವನಿಗೆ ಹೇಳಿದ್ದಳು. ಫೋನ್ ನಂಬರ್ ಅವಳಲ್ಲಿಯೂ ಇರಲಿಲ್ಲ.

“ಭೆಟ್ಟಿ ಆದ್ರ ಆತು, ಇಲ್ಲಂದ್ರ ನಿನ್ನ ಮಾಲ್ ನೋಡ್ಕೊಂಡು ಬರೂಣು” ಅಂದಳು ಅವ್ವ.

ಒಂದೂವರೆ ತಾಸಿಗೆ ಹುಬ್ಬಳ್ಳಿಯಲ್ಲಿ ಇಳಿದೆವು. ಮೊದಲು ನನ್ನ ಕಿವಿಗೆ ಬಿದ್ದದ್ದು ಆಟೋಗಳ ಗದ್ದಲ, ಮೂಗಿಗೆ ಬಿದ್ದದ್ದು ಮಿರ್ಚಿ ಕರಿಯುವ ವಾಸನೆ. ಗಾಡಿಯೊಂದರಲ್ಲಿ ಇಬ್ಬರೂ ಮಂಡಕ್ಕಿಯ ಗಿರ್ಮಿಟ್ ತಿಂದೆವು. ದಾರಿ ಕೇಳಿದರೆ ಒಬ್ಬರು ಬಲಕ್ಕೆ ಅಂದರು, ಇನ್ನೊಬ್ಬರು ಎಡಕ್ಕೆ ಅಂದರು. ಕೊನೆಗೆ ಸಿಟಿ ಬಸ್ಸು ಹಿಡಿದು ಕೇಶ್ವಾಪುರದಲ್ಲಿ ಇಳಿದಾಗ ಗಂಟೆಯ ಸದ್ದೇ ನಮ್ಮನ್ನು ಕರೆದೊಯ್ದಿತು.

ನಮ್ಮದು ಬುದ್ಧನ ಫೋಟೋ ಇಟ್ಟ ಮನೆ. ಹುಣ್ಣಿಮೆಗೊಮ್ಮೆ ಬುದ್ಧವಿಹಾರಕ್ಕೆ ಹೋಗುತ್ತೇವೆ. ಚರ್ಚಿನಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಇಬ್ಬರಿಗೂ ತಿಳಿಯದು. ಬಾಗಿಲಲ್ಲಿ ಚಪ್ಪಲಿ ಬಿಟ್ಟವರನ್ನು ನೋಡಿ ನಾವೂ ಬಿಟ್ಟೆವು, ಹೆಂಗಸರು ತಲೆಯ ಮೇಲೆ ಸೆರಗು ಹೊದ್ದದ್ದನ್ನು ನೋಡಿ ಅವ್ವ ಹೊದ್ದಳು, ನಾನು ವೇಲ್ ಹಾಕಿಕೊಂಡೆ. ಇಂಗ್ಲಿಷ್ ಹಾಡು ಇರುತ್ತದೆಂದುಕೊಂಡಿದ್ದ ನನಗೆ ಹಾರ್ಮೋನಿಯಂ, ತಬಲಾ ಕೇಳಿಸಿದವು. ಹಾಡಿನ ಕನ್ನಡ ಹಳೆಯ ಪಠ್ಯಪುಸ್ತಕದ ಕನ್ನಡದಂತೆ ಬಿಗಿಯಾಗಿತ್ತು. ರಾಗ ಮಾತ್ರ ನಮ್ಮ ಓಣಿಯ ಭಜನೆಯದು. ಮೂಲೆಯಲ್ಲಿ ಹುಲ್ಲು ಹಾಸಿ ದನದ ಕೊಟ್ಟಿಗೆಯಂಥ ಗೋದಲಿ ಮಾಡಿದ್ದರು. ಅದರೊಳಗಿನ ದನದ ಬೊಂಬೆಗಳಿಗೆ ನಮ್ಮ ಕಡೆಯ ಎತ್ತುಗಳಂತೆ ಕೊಂಬು ಇಟ್ಟಿದ್ದು ಕಂಡು ನಾನು ಪ್ರಾರ್ಥನೆ ಮುಗಿಯುವವರೆಗೂ ಅದನ್ನೇ ನೋಡುತ್ತ ಕುಳಿತೆ. ಅವ್ವ ಮಾತ್ರ ಸಾಲು ಸಾಲಾಗಿ ಮುದುಕಿಯರ ಮುಖ ಹುಡುಕುತ್ತಿದ್ದಳು.

ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲರಿಗೂ ಕೇಕು, ಚಹಾ. ಹಾಡುವವರ ಮುಂದಿದ್ದ ಪ್ರೇಮಾ ಎಂಬ ಹೆಂಗಸನ್ನು ಅವ್ವ ವಿಚಾರಿಸಿದಳು. ಅವರ ಮುಖ ಸಣ್ಣದಾಯಿತು. ಜಯಶೀಲಾ ಅವರು ಹೋದ ವಾರ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದರು. ಸತ್ತೂರಿನ ಆಸ್ಪತ್ರೆಯಲ್ಲಿದ್ದಾರೆ, ನಾಳೆ ಆಪರೇಷನ್ ಆಗಬೇಕು. ಆದರೆ ಬೇಡವೇ ಬೇಡ ಎಂದು ಹಟ ಹಿಡಿದಿದ್ದಾರೆ, ಮಗನಿಗೆ ದಿಕ್ಕು ತೋಚದಂತಾಗಿದೆ ಎಂದು ಹೇಳಿದರು. ಆಮೇಲೆ ಒಳಗೆ ಹೋಗಿ ಒಂದು ಡಬ್ಬಿ ತುಂಬ ಕರ್ಚಿಕಾಯಿ ತಂದು ಅವ್ವನ ಕೈಗಿಟ್ಟರು.

“ನೀವು ಹೋಗೂದಾದ್ರ ಇದನ್ನ ಕೊಡ್ರಿ. ಹಬ್ಬದ ದಿನಾ ಬರೇ ಬಾಯಿಲೆ ಇರಬಾರದು.”

ಸತ್ತೂರು ಧಾರವಾಡದ ಹತ್ತಿರ. ಅಲ್ಲಿಗೆ ಹೋದರೆ ಮಾಲಿಗೆ ಹೊತ್ತು ಉಳಿಯುವುದಿಲ್ಲ. ಅವ್ವ ನನ್ನ ಮುಖ ನೋಡಿದಳು, ಒತ್ತಾಯ ಮಾಡಲಿಲ್ಲ. ಒಂದು ಗಳಿಗೆ ನನಗೂ ಬೇಸರವಾದದ್ದು ನಿಜ. ಆದರೆ ನನ್ನನ್ನು ಸೀರೆಯಲ್ಲಿ ಕಟ್ಟಿದ ಕೈ ಯಾವುದು, ನೋಡಬೇಕು ಎಂಬ ಕುತೂಹಲ ಆ ಬೇಸರಕ್ಕಿಂತ ದೊಡ್ಡದಿತ್ತು. ನಡಿ ಹೋಗೋಣ ಎಂದೆ.

ಹೀಗಾಗಿ ಚಿಗರಿ ಬಸ್ಸಿನ ಆಸೆ ಒಂದು ತೀರಿತು. ಟಿಕೆಟ್ ಪಡೆದು, ರಸ್ತೆಯ ನಡುವಿನ ಗಾಜಿನ ನಿಲ್ದಾಣದಲ್ಲಿ ನಿಂತೆವು. ಬಾಗಿಲು ತಾನಾಗಿಯೇ ತೆರೆದಾಗ ಅವ್ವ ಯಾರು ತೆಗೆದರೆಂದು ಆಚೀಚೆ ನೋಡಿದಳು. ಒಳಗೆ ತಣ್ಣಗಿತ್ತು. ಪಕ್ಕದ ರಸ್ತೆಯಲ್ಲಿ ಕಾರು, ಟ್ರಕ್ಕು ಸಾಲುಗಟ್ಟಿ ನಿಂತಿದ್ದರೆ ನಮ್ಮ ಬಸ್ಸು ತಡೆಯಿಲ್ಲದೆ ಓಡಿತು. ವಿದ್ಯಾನಗರದ ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗುತ್ತಿದ್ದವು. ಉಣಕಲ್ ಕೆರೆ ಎಡಕ್ಕೋ ಬಲಕ್ಕೋ ಎಂದು ನೋಡುವಷ್ಟರಲ್ಲಿ ಬಿಸಿಲಿಗೆ ಮಿಂಚಿ ಹಿಂದೆ ಸರಿಯಿತು.

ಆಸ್ಪತ್ರೆಯಲ್ಲಿ ಭೇಟಿಯ ಹೊತ್ತು ಇನ್ನೂ ಆಗಿರಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಕುಳಿತು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಉಂಡೆವು. ಅವ್ವ ಅರ್ಧ ರೊಟ್ಟಿಗೇ ಕೈ ತೊಳೆದಳು. ಸಿಸ್ಟರ್ ತನ್ನ ಗುರುತು ಹಿಡಿಯದಿದ್ದರೆ ಏನು ಮಾಡುವುದೆಂದು ಆಗ ಮೊದಲ ಬಾರಿ ಕೇಳಿದಳು.

ವಾರ್ಡಿನ ಕೊನೆಯ ಹಾಸಿಗೆಯಲ್ಲಿ ಅವರಿದ್ದರು. ನಾನು ಎತ್ತರದ, ಗಟ್ಟಿ ದನಿಯ ಹೆಂಗಸನ್ನು ಕಲ್ಪಿಸಿಕೊಂಡಿದ್ದೆ. ಕಂಡದ್ದು ಸಣ್ಣ ಜೀವ, ಬಿಳಿ ಕೂದಲು, ಕಾಲಿಗೆ ಕಟ್ಟಿದ ಭಾರ. ಮಗ ಸ್ಟೂಲಿನಿಂದ ಎದ್ದು ಅವ್ವನಿಗೆ ಜಾಗ ಕೊಟ್ಟರು. ಅವ್ವ ಡಬ್ಬಿ ಕೊಟ್ಟು, ತಾನು ಕಸ್ತೂರಿ, ಗದಗಿನ ಆಸ್ಪತ್ರೆಯಲ್ಲಿ ಎಂಟು ತಿಂಗಳ ಕೂಸು ಹೆತ್ತವಳು, ಇವಳೇ ಆ ಕೂಸು ಎಂದು ನನ್ನನ್ನು ಮುಂದೆ ನಿಲ್ಲಿಸಿದಳು.

ಅವರು ನನ್ನನ್ನೂ ಅವ್ವನನ್ನೂ ಬಹಳ ಹೊತ್ತು ನೋಡಿದರು.

“ನೆನಪಾಗವಲ್ದವಾ” ಅಂದರು. “ಸುಳ್ಳ ಹೇಳಂಗಿಲ್ಲ. ಭಾಳ ಕೂಸುಗಳು ಈ ಕೈಯಾಗ ಹಾದು ಹ್ವಾದವು.”

ಅವ್ವ ಒಮ್ಮೆ ನೆಲ ನೋಡಿದಳು. ಆಮೇಲೆ ತಲೆಯೆತ್ತಿ, “ಇರ್ಲಿ ಬಿಡ್ರಿ ಸಿಸ್ಟರ್. ನನಗ ನೆನಪೈತಿ” ಎಂದು ಎಲ್ಲವನ್ನೂ ಹೇಳತೊಡಗಿದಳು. ಸೀರೆ, ಚಳಿ, ಅತ್ತಿಗೆಯಂದಿರು ಕೂಸು ಉಳಿಯುವುದಿಲ್ಲ ಎಂದು ಪಿಸುಗುಟ್ಟಿದ್ದು, ಕೇಕಿನ ತುಂಡು. ಸಿಸ್ಟರ್ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಿದ್ದೆ ಬಂತೇನೋ ಎಂದುಕೊಂಡೆ. ಅಷ್ಟರಲ್ಲಿ, ಹುಟ್ಟಿದಾಗ ತೂಕ ಎಷ್ಟಿತ್ತು ಎಂದು ಕೇಳಿದರು. ಒಂದೂವರೆ ಕಿಲೋಗಿಂತ ಚೂರು ಕಡಿಮೆ ಎಂದಳು ಅವ್ವ. ಸಿಸ್ಟರ್ ಕಣ್ಣು ತೆರೆದರು. ಎಂದು ಕುಳಿತಳು, ಎಂದು ನಡೆದಳು, ಫಿಟ್ಸ್ ಬಂದಿತ್ತೇ, ಕಣ್ಣು ಸರಿಯಾಗಿ ಕಾಣುತ್ತದೆಯೇ ಎಂದು ಒಂದರ ಹಿಂದೊಂದು ಪ್ರಶ್ನೆ. ನನ್ನ ಕೈ ಹಿಡಿದು ಉಗುರು ಒತ್ತಿ ನೋಡಿದರು. ಕಿಟಕಿಯಾಚೆಯ ಬೋರ್ಡು ಓದು ಎಂದರು, ಓದಿದೆ. ಎಡಗಣ್ಣು ಮುಚ್ಚಿ ಓದು ಎಂದರು, ಮತ್ತೆ ಓದಿದೆ. ಇಪ್ಪತ್ತು ವರ್ಷ ತಡವಾಗಿ ನನ್ನ ತಪಾಸಣೆ ನಡೆಯಿತು.

ಕೈ ಬಿಡದೆಯೇ ಅವರು ಅವ್ವನಿಗೆ ಹೇಳಿದರು: “ಕೂಸು ಮನಿಗೆ ಹ್ವಾದ ಮ್ಯಾಲ ಏನಾತು ಅಂತ ನಮಗ ಗೊತ್ತಾಗೂದೇ ಇಲ್ಲ ನೋಡವಾ. ಆರಾಮ ಆದವ್ರು ದವಾಖಾನಿ ಕಡೆ ಯಾಕ ಬರ್ತಾರ? ತಿರುಗಿ ಬರೂದು ಆರಾಮ ಇಲ್ಲದವ್ರು. ಅವ್ರೇ ನೆನಪಿನ್ಯಾಗ ಉಳೀತಾರ.”

ಮಗ ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಆಮೇಲೆ ಸಿಸ್ಟರ್ ಸಣ್ಣ ದನಿಯಲ್ಲಿ, ಆಗ ನಿನಗೆ ಹೆದರಿಕೆ ಆಗಿತ್ತೇ ಎಂದು ಕೇಳಿದರು.

“ಅಂಜಿ ಅಳಾಕತ್ತಿದ್ದೆ” ಅಂದಳು ಅವ್ವ. “ನೀವು ಬೈದ್ರಿ. ಅಳೂದು ಆಮ್ಯಾಲ, ಮೊದಲ ಕೂಸನ್ನ ಎದಿಗೆ ಹಾಕ್ಕೋ ಅಂದ್ರಿ.”

ಸಿಸ್ಟರ್ ನಕ್ಕರು. ನಕ್ಕಾಗ ಕಾಲು ನೋಯಿತೆಂದು ಕಾಣುತ್ತದೆ, ಹಲ್ಲು ಕಚ್ಚಿದರು, ಮತ್ತೆ ನಕ್ಕರು. ಹಾಗೆ ಅಂದಿರಬಹುದು, ಎಲ್ಲರಿಗೂ ಹಾಗೇ ಬೈಯುತ್ತಿದ್ದೆ ಎಂದರು. ಡಬ್ಬಿ ತೆಗೆಸಿ ಒಂದು ಕರ್ಚಿಕಾಯಿ ಮುರಿದು ನನಗೆ ಅರ್ಧ, ಅವ್ವನಿಗೆ ಅರ್ಧ ಕೊಟ್ಟರು. ಇನ್ನೊಂದನ್ನು ತಾವು ತಿಂದರು. ಮಗನ ಕಡೆ ಹೊರಳಿ, ಡಾಕ್ಟರಿಗೆ ನಾಳೆ ಆಪರೇಷನ್ ಮಾಡಿ ಎಂದು ಹೇಳು ಅಂದದ್ದು ಆಗಲೇ. ಮಗ ಎರಡನೇ ಸಲ ಕೇಳಲೂ ಇಲ್ಲ, ಲಗುಬಗೆಯಿಂದ ಹೊರಗೆ ಹೋದರು.

ಭೇಟಿಯ ಹೊತ್ತು ಮುಗಿದ ಗಂಟೆಯಾಯಿತು. ಅವ್ವ ಅವರ ಪಾದ ಮುಟ್ಟಲು ಬಗ್ಗಿದಳು. ಪೆಟ್ಟಾದ ಕಾಲು ನೆನಪಾಗಿ ಕೈ ಹಿಂದೆ ತೆಗೆದು, ಅವರ ಹಣೆಯ ಮೇಲಿನ ಕೂದಲು ಸರಿಸಿದಳು. ಮರಳಿ ಬಂದ ಮಗನ ನಂಬರನ್ನು ನಾನು ಫೋನಿನಲ್ಲಿ ಬರೆದುಕೊಂಡು, ನನ್ನದನ್ನು ಅವರಿಗೆ ಕೊಟ್ಟೆ. ಮರುದಿನ ಸಂಜೆ ಅವರೇ ಫೋನ್ ಮಾಡಿ, ಆಪರೇಷನ್ ಚಲೋ ಆಯಿತು, ಅಮ್ಮ ಎಚ್ಚರವಾದ ಕೂಡಲೇ ವಾರ್ಡಿನ ಹುಡುಗಿಯರಿಗೆ ಬೈಯಲು ಶುರು ಮಾಡಿದರು ಎಂದು ತಿಳಿಸಿದರು.

ಅಂದು ಬಾಗಿಲ ಹತ್ತಿರ ನಾನು ಹಿಂತಿರುಗಿ ನೋಡಿದೆ. ಸಿಸ್ಟರ್ ಪಕ್ಕದ ಹಾಸಿಗೆಯ ಹೆಂಗಸಿನ ಕಡೆ ಮುಖ ಮಾಡಿ, ಎರಡು ಅಂಗೈಗಳ ನಡುವೆ ಗೇಣಿನಷ್ಟು ಜಾಗ ಬಿಟ್ಟು ತೋರಿಸುತ್ತಿದ್ದರು. “ಇಷ್ಟ ಇತ್ತು ನೋಡವಾ ಆ ಕೂಸು. ಸೀರಿಲೆ ಕಟ್ಟಿದ್ದೆ. ಅವತ್ತ ಭಾಳ ಥಂಡಿ ಇತ್ತು” ಎನ್ನುತ್ತಿದ್ದರು. ಅವ್ವ ಹೇಳಿದ್ದೆಲ್ಲ ಈಗ ಅವರ ಸ್ವಂತ ನೆನಪಾಗಿತ್ತು.

ಹುಬ್ಬಳ್ಳಿಗೆ ಮರಳುವ ಬಸ್ಸಿನಲ್ಲಿ ನಾನು ಅದನ್ನು ಅವ್ವನಿಗೆ ಹೇಳಿದೆ. ವಿದ್ಯಾನಗರದ ನಕ್ಷತ್ರಗಳಲ್ಲಿ ಆಗ ತಾನೇ ದೀಪಗಳು ಹತ್ತಿದ್ದವು. ಅವ್ವ ಕಿಟಕಿಗೆ ತಲೆ ಆನಿಸಿ ಅವನ್ನು ನೋಡುತ್ತಿದ್ದಳು.

“ಹೇಳ್ಲಿ” ಅಂದಳು. “ಖರೇನ ಐತಿ.”