ಮುಯ್ಯಾಳು ಬಾರದ ಮಲ್ಲಿಗೆ ತೋಟ

ಹಡಗಲಿ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ಮಡಿಲಿಂದ ಮಲ್ಲಿಗೆ ದಂಡೆಯ ವಾಸನೆ ಬಂತು. ಎಲ್ಲರೂ ಇಷ್ಟಪಡುವ ವಾಸನೆ. ನಾನು ಕಿಟಕಿ ಸರಿಸಿ ಮುಖ ಹೊರಗೆ ಹಾಕಿದೆ...

ನಮ್ಮ ತೋಟದ ಪಕ್ಕದಲ್ಲೇ ದೊಡ್ಡವ್ವನ ತೋಟವಿತ್ತು. ರಕ್ತಸಂಬಂಧವೇನಲ್ಲ; ಇಬ್ಬರಿಗೂ ಬದು ಒಂದೇ, ಹಾಗಾಗಿ ನನಗೆ ದೊಡ್ಡವ್ವ. ಎಣ್ಣೆ ಹೊಡೆಯುವುದನ್ನು ಅವಳು ಬಿಟ್ಟು ವರ್ಷಗಳಾಗಿದ್ದವು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆಯೆಂದೇ ಹೆಸರು. ಬೇವಿನ ಬೀಜ ಕುಟ್ಟಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಾನಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ಕಲಕಿ, ಆ ಕಷಾಯವನ್ನು ಸೋಸಿ ಗಿಡಕ್ಕೆ ಹೊಡೆಯುತ್ತಿದ್ದಳು.

"ನನ್ ತ್ವಾಟಕ್ಕ ಗುಬ್ಬಿ ಬರ್ತಾವ. ನಿಮ್ಮಪ್ಪನ ತ್ವಾಟಕ್ಕ ಬರೋದು ಎಣ್ಣಿ ಅಂಗಡ್ಯಾವ ಒಬ್ನ" ಎಂದು ನನ್ನನ್ನು ಕೆಣಕುತ್ತಿದ್ದಳು.

ಮಲ್ಲಿಗೆ ಯಾರಿಗೂ ಕಾಯುವುದಿಲ್ಲ. ಹೊತ್ತು ಏರುವ ಮೊದಲೇ ಬಿಡಿಸದಿದ್ದರೆ ಮೊಗ್ಗು ಅರಳಿಬಿಡುತ್ತದೆ. ಅರಳಿದ್ದನ್ನು ಪೇಟೆಯಲ್ಲಿ ಯಾರೂ ಮುಟ್ಟುವುದಿಲ್ಲ. ಅದಕ್ಕೇ ಮುಯ್ಯಿ. ಹೆಂಗಸರೆಲ್ಲ ಸೇರಿ ಒಬ್ಬರ ತೋಟ ಬಿಡಿಸಿ ಇನ್ನೊಬ್ಬರದಕ್ಕೆ ಹೋಗುತ್ತಿದ್ದರು.

ಆ ವರ್ಷ ಮೊಗ್ಗಿಗೆ ಹುಳ ಬಿತ್ತು. ಎಣ್ಣೆ ಹೊಡೆದವರ ತೋಟಕ್ಕೂ ಬಿತ್ತು. ಆದರೂ ಎಲ್ಲರೂ ಬೊಟ್ಟು ಮಾಡಿದ್ದು ದೊಡ್ಡವ್ವನ ಕಡೆಗೆ.

"ಹುಳ ಸಾಕಿ ನಮ್ ಕಡಿ ಬಿಡ್ತೀಯೇನಬೇ? ಎಣ್ಣಿ ಹೊಡಿ, ಇಲ್ಲಾಂದ್ರ ಮುಯ್ಯಿಗೆ ಬರಂಗಿಲ್ಲ" ಎಂದಳು ಬದುವಿನ ಮೇಲೆ ನಿಂತ ಒಬ್ಬಾಕೆ.

"ಕಷಾಯ ಹೊಡದೀನವ್ವಾ, ಸ್ವಲ್ಪ ತಡೀರಿ" ಎಂದಳು ದೊಡ್ಡವ್ವ.

"ನಿನ್ ಕಷಾಯ ಹುಳಕ್ಕ ಚಾ ಆಗೈತಿ!"

ಎಲ್ಲರೂ ನಕ್ಕರು. ಮರುದಿನದಿಂದ ಯಾರೂ ಬರಲಿಲ್ಲ. ಒಬ್ಬಳೇ ಎಷ್ಟು ಬಿಡಿಸಿಯಾಳು? ತೋಟವೆಲ್ಲ ಬೆಳ್ಳಗೆ ಅರಳಿ ನಿಂತಿತು. ಅಷ್ಟು ಚೆಂದದ ತೋಟವನ್ನು ನೋಡುತ್ತಾ ಅವಳು ಅಳುತ್ತಿದ್ದಳು... ಕೊನೆಗೆ ಎಣ್ಣೆ ತಂದಳು.

ಆ ಸಂಜೆ ಕಾಲೇಜಿನಿಂದ ಬದುವಿನ ಮೇಲೆ ಬರುತ್ತಿದ್ದೆ. ಅದೇ ಬಾನಿ. ಅದರಲ್ಲಿ ಎಣ್ಣೆ ಸುರಿದು, ಕಷಾಯ ಕಲಕುವಂತೆಯೇ ಮೊಣಕೈವರೆಗೆ ಕೈ ಇಳಿಸಿದ್ದಳು. ಕೈಗೆ ಅದೇ ರೂಢಿ.

"ದೊಡ್ಡವ್ವಾ, ಕೈ ತಗೀ!" ಎಂದು ಕೂಗಿ ಓಡಿದೆ.

"ಯಾಕಬೇ ಚೀರ್ತಿ? ತ್ವಾಟೆಲ್ಲ ಹೊಡದಾತು, ಇದ ಕಡೀ ಬಾನಿ. ನಾಳಿ ಮುಯ್ಯಿಗೆ ಬರ್ತಾರಂತ" ಎಂದು ನಕ್ಕಳು. ತುಟಿಯಂಚಿನಿಂದ ಜೊಲ್ಲು ಇಳಿಯುತ್ತಿತ್ತು.

ಕೈ ತೊಳೆಸುವಷ್ಟರಲ್ಲಿ ಕುಸಿದಳು. ಟೆಂಪೋದಲ್ಲಿ ನನ್ನ ತೊಡೆಯ ಮೇಲೆ ಅವಳ ತಲೆ, ಎಳೆದೆಳೆದು ಬಿಡುವ ಉಸಿರು... ಆಸ್ಪತ್ರೆಯ ಗೇಟು ಕಂಡಾಗ ಆ ಸದ್ದು ಇರಲಿಲ್ಲ.

ಮರುದಿನ ನಸುಕಿಗೆ ಹೆಂಗಸರು ಮುಯ್ಯಿಗೆ ಬಂದರು. ಅಳುತ್ತಲೇ ಮೊಗ್ಗು ಬಿಡಿಸಿದರು.

ಈಗ ಆ ತೋಟವನ್ನು ಬೇರೆಯವರು ಮಾಡುತ್ತಾರೆ, ಎಣ್ಣೆ ಹೊಡೆಯುತ್ತಾರೆ. ಬೇವಿನ ಬೀಜ ಉದುರಿ ಬದುವಿನಲ್ಲೇ ಕೊಳೆಯುತ್ತದೆ. ಕಷಾಯದ ಮಾತೆತ್ತಿದರೆ "ಆಕಿ ಸತ್ಲಲ್ಲ" ಎನ್ನುತ್ತಾರೆ, ಕಷಾಯವೇ ಕೊಂದಂತೆ.

"ಮುಡ್ಕೋ ತಂಗಿ" ಎಂದು ಮುಂದಿನ ಸೀಟಿನಾಕೆ ದಂಡೆಯ ಒಂದು ತುಂಡು ಹರಿದು ಕೊಟ್ಟಳು. ಬೇಡವೆನ್ನಲಾಗದೆ ಹಿಡಿದು ಕೂತೆ. ಬಸ್ಸಿನಿಂದ ಇಳಿದವಳೇ ನಲ್ಲಿ ಹುಡುಕಿ, ಮೊಣಕೈವರೆಗೆ ತೊಳೆದುಕೊಂಡೆ.