ನಾಯಿಯ ಪಕ್ಕದಲ್ಲಿ ಹೆಣ್ಣು ನೋಡಿದ್ದು

ಗಂಡಿನ ಕಡೆಯವರು ಕನಕಪುರದಿಂದ ನನ್ನನ್ನು ನೋಡಲು ಬರುವ ದಿನವೇ ನಮ್ಮ ಕುರಿ ಕಾಯುವ ನಾಯಿ ಹಾಲಿನ ವ್ಯಾನಿಗೆ ಸಿಕ್ಕಿ ಹಿಂಗಾಲು ಮುರಿದುಕೊಂಡಿತು. ಅಪ್ಪ ಅದನ್ನು ಗೋಣಿಚೀಲದ ಮೇಲೆ ಮಲಗಿಸಿ ಆಟೋದಲ್ಲಿ ಮಾಗಡಿಯ ಪಶು ಆಸ್ಪತ್ರೆಗೆ ಒಯ್ದ. ಡಾಕ್ಟರು ಇಂಜೆಕ್ಷನ್ ಕೊಟ್ಟು, ಕಾಲಿಗೆ ಪಟ್ಟಿ ಕಟ್ಟಿ, "ಅಲ್ಲಾಡೋಕೆ ಬಿಡಬೇಡಿ. ಮನುಷ್ಯರ ನೋವಿನ ಮಾತ್ರೆ ಕೊಡಲೇಬೇಡಿ" ಎಂದು ಹೇಳಿ, ಮಧ್ಯಾಹ್ನ ಕುಡಿಸಲು ಬೇರೆ ಔಷಧಿ ಕೊಟ್ಟು ಕಳಿಸಿದರು.

ಮನೆಗೆ ಬಂದ ಮೇಲೆ ನಾನು ಪಕ್ಕದಲ್ಲಿ ಕೂತು ಕುತ್ತಿಗೆ ಸವರುತ್ತಿದ್ದರೆ ಮಾತ್ರ ನಾಯಿ ಸುಮ್ಮನಿರುತ್ತಿತ್ತು. ಎದ್ದರೆ ಊಳಿಡುತ್ತ, ನನ್ನ ಹಿಂದೆ ತೆವಳಲು ನೋಡುತ್ತಿತ್ತು. ಹಾಗಾಗಿ ಅಮ್ಮ ನಾನು ಕೂತಲ್ಲೇ ಜಡೆ ಹೆಣೆದು ಹೂ ಮುಡಿಸಿದಳು. ನಾನು ಸೀರೆ ಉಡಲು ಎದ್ದುಹೋದಾಗ ಅಪ್ಪ ನನ್ನ ಚೂಡಿದಾರದ ವೇಲನ್ನು ಹೆಗಲಿಗೆ ಹಾಕಿಕೊಂಡು ನನ್ನ ಜಾಗದಲ್ಲಿ ಕೂತ. ನಾಯಿ ಒಂದು ಸಲ ಮೂಸಿ ಮುಖ ತಿರುಗಿಸಿ, ಮತ್ತೆ ಜೋರಾಗಿ ಕೂಗಿತು.

ಅವರು ಬಂದಾಗಲೂ ನಾನು ಏಳಲಿಲ್ಲ. ಹುಡುಗನ ತಾಯಿ ಬಾಗಿಲಲ್ಲೇ ನಿಂತು, "ನಾವೇನ್ ಹೆಣ್ ನೋಡಕ್ ಬಂದ್ವಾ, ನಾಯಿ ನೋಡಕ್ ಬಂದ್ವಾ?" ಎಂದರು.

"ಎರಡ್ನೂ ನೋಡಿ ಕಣಕ್ಕ, ಕುಂತ್ಕಳಿ" ಎಂದಳು ಅಮ್ಮ, ಬೆವರು ಒರೆಸಿಕೊಳ್ಳುತ್ತ.

ಅಷ್ಟರಲ್ಲಿ ಔಷಧಿಯ ಹೊತ್ತಾಯಿತು. ನಾಯಿ ಹಲ್ಲು ಬಿಗಿಹಿಡಿದು ಅಪ್ಪನಿಗೇ ಗುರ್ ಎಂದಿತು. ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಹುಡುಗ ಅಲ್ಲಿಯವರೆಗೆ ನೆಲ ನೋಡುತ್ತಿದ್ದವನು ವಾಚ್ ಬಿಚ್ಚಿ ಜೇಬಿಗೆ ಹಾಕಿಕೊಂಡು ನನ್ನೆದುರು ಕುಕ್ಕರಗಾಲಲ್ಲಿ ಕೂತ.

"ನಮ್ಮನೇಲೂ ಒಂದೈತೆ. ನೀವ್ ತಲೆ ಹಿಡ್ಕಳಿ. ನಾನು ಒಸಿ ಕೆನ್ನೆ ಎಳೀತೀನಿ, ಸಂದೀಲಿ ಬುಟ್ಬುಡಾನ."

ಔಷಧಿ ಒಳಗೆ ಹೋಯಿತು. ನಾಯಿ ತಲೆ ಕೊಡವಿ ಅವನ ಬಿಳಿ ಅಂಗಿಗೆ ಜೊಲ್ಲು ಸಿಡಿಸಿತು. ಆಮೇಲೆ ನಿರಾಳವಾಗಿ ಅವನ ತೊಡೆಯ ಮೇಲೆಯೇ ಉಚ್ಚೆ ಹೊಯ್ದಿತು.

ನನಗೆ ನಗು ಬಂತು. ಬೆಳಗಿನಿಂದ ನುಂಗಿಕೊಂಡಿದ್ದ ಅಳುವೆಲ್ಲ ನಗುವಾಗಿ ಹೊರಟಿತು. ತಡೆಯಲು ಸೆರಗು ಬಾಯಿಗಿಟ್ಟುಕೊಂಡೆ, ಇನ್ನೂ ಜಾಸ್ತಿಯಾಯಿತು. ಅವನೂ ನಕ್ಕ. "ಹೊಸಾ ಪ್ಯಾಂಟ್ ಕಣೋ!" ಎನ್ನುತ್ತ ಅವನ ತಾಯಿ ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಹುಡುಗ ಅಪ್ಪನ ಪಂಚೆ ಉಟ್ಟುಕೊಂಡು ಊರಿಗೆ ಹೋದ. ನಾಯಿ ನಿದ್ದೆ ಹೋಯಿತು.

ಮಾರನೇ ದಿನ ಅಪ್ಪನ ಫೋನಿಗೆ ಹುಡುಗನ ಕರೆ ಬಂತು. ಅಪ್ಪ ಸ್ಪೀಕರ್ ಹಾಕಿದ.

"ಹೆಂಗವ್ನೆ?"

"ಯಾರಪ್ಪ?"

"ನಾಯಿ ಕಣ್ ಮಾವ."

ಅಡುಗೆಮನೆಯಲ್ಲಿ ಅಮ್ಮ ನನ್ನ ತೋಳು ಹಿಡಿದು ಜಿಗುಟಿದಳು.

"ಅಲ್ಲಲ್ಲ... ಯಜಮಾನ್ರೇ..." ಎಂದು ಹುಡುಗ ತಿದ್ದಿಕೊಂಡ.

"ಪರವಾಗಿಲ್ಲ, ಹಂಗೇ ಅನ್ನು" ಎಂದ ಅಪ್ಪ. "ರಾತ್ರಿ ಚೆನ್ನಾಗ್ ನಿದ್ದೆ ಮಾಡ್ದ. ಈಗ ಹಾಲು ಕುಡೀತಾವ್ನೆ."

ನನ್ನ ಮುಖ ನಗುತ್ತಿದೆಯೆಂದು ನನಗೆ ಗೊತ್ತಾದದ್ದು ಕೆನ್ನೆ ನೋಯತೊಡಗಿದಾಗ.

ಕೆಲವು ವಾರಗಳಾದ ಮೇಲೆ ಪಟ್ಟಿ ಬಿಚ್ಚುವ ದಿನ ಅವನು ರಜೆ ಹಾಕಿ ಬಂದ. ನಾಯಿ ಆ ಕಾಲನ್ನು ನೆಲಕ್ಕೆ ಮುಟ್ಟಿಸಿತು, ಎತ್ತಿತು, ಮತ್ತೆ ಊರಿತು. ಆಮೇಲೆ ಕುರಿಗಳತ್ತ ಸೊಟ್ಟಗೆ ಓಡಿತು. "ನಿಧಾನಕ್ಕೋ!" ಎಂದು ಕೂಗುತ್ತ ನಾವಿಬ್ಬರೂ ಚಪ್ಪಲಿ ಬಿಟ್ಟು ಅದರ ಹಿಂದೆ ಓಡಿದೆವು.